ಕವಿತೆಯನ್ನು ಕೇಳದೆ ಕಾದವರು

ಬರೆಯುವ ಶಕ್ತಿ ತನ್ನಲ್ಲಿ ಉಳಿದಿದೆಯೋ ಇಲ್ಲವೋ ಎಂಬ ಅನುಮಾನ ಆಗತಾನೇ ಬರೆಯತೊಡಗಿದವನಿಗಿಂತ, ಒಂದೆರಡು ಒಳ್ಳೆಯ ಪುಸ್ತಕಗಳಿಂದ ಹೆಸರು ಮಾಡಿದವನನ್ನೇ ಹೆಚ್ಚು ಕಾಡುತ್ತದೆ. ಹೊಸಬನಿಗೆ ಹೋಲಿಸಿಕೊಳ್ಳಲು ಹಿಂದಿನದೇನೂ ಇರುವುದಿಲ್ಲ, ಹೆಸರು ಮಾಡಿದವನ ಮುಂದಾದರೋ ಅವನದೇ ಹಳೆಯ ಪುಸ್ತಕ ಎದುರಾಳಿಯಂತೆ ಕೂತಿರುತ್ತದೆ, ಓದುಗರು ಮುಂದಿನದು ಯಾವಾಗ ಎಂದು ಕೇಳುತ್ತಿರುತ್ತಾರೆ, ಪ್ರಕಾಶಕರು ವಿಚಾರಿಸುತ್ತಿರುತ್ತಾರೆ, ಕಾಗದದ ಮುಂದೆ ಕುಳಿತಾಗ ಮಾತ್ರ ಕೈ ಓಡುವುದಿಲ್ಲ. ಈ ಬರಗಾಲ ಕೆಲವರಿಗೆ ಕೆಲವು ತಿಂಗಳಿದ್ದು ಹೋಗುತ್ತದೆ, ಕೆಲವರಿಗೆ ಕೊನೆಯವರೆಗೂ ಹೋಗುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ಜರ್ಮನ್ ಭಾಷೆಯ ದೊಡ್ಡ ಕವಿಗಳಲ್ಲಿ ಒಬ್ಬನಾದ ರೈನರ್ ಮಾರಿಯಾ ರಿಲ್ಕೆಯ (1875–1926) ಪಾಲಿಗೆ ಅದು ಹತ್ತು ವರ್ಷಗಳದ್ದಾಗಿತ್ತು: 1912ರ ಜನವರಿಯಲ್ಲಿ ಆತ ಆರಂಭಿಸಿದ ಹತ್ತು ಶೋಕಗೀತೆಗಳ ಮಾಲೆ ಪೂರ್ಣಗೊಂಡದ್ದು 1922ರ ಫೆಬ್ರುವರಿಯಲ್ಲಿ. ಆ ಅವಧಿಯಲ್ಲಿ ಆತ ಬರೆದ ಪತ್ರಗಳೂ ಆತನನ್ನು ಬಲ್ಲವರ ನೆನಪಿನ ಬರಹಗಳೂ ಹೇರಳವಾಗಿ ಉಳಿದುಬಂದಿರುವುದರಿಂದ, ತನ್ನ ಮೇಲಿನ ನಂಬಿಕೆ ಕಳೆದುಕೊಂಡ ಲೇಖಕನಿಗೆ ಧೈರ್ಯ ಎಲ್ಲಿಂದ, ಯಾವ ರೂಪದಲ್ಲಿ ಬರುತ್ತದೆ ಎಂಬ ಪ್ರಶ್ನೆಯನ್ನು ಇಟ್ಟು ನೋಡಲು ಇದಕ್ಕಿಂತ ವಿವರವಾದ ಉದಾಹರಣೆ ಸಿಗುವುದು ಕಷ್ಟ.

ಆ ಪ್ರಶ್ನೆಗೆ ಸ್ವತಃ ರಿಲ್ಕೆ ಬಹಳ ಮೊದಲೇ ಒಂದು ಉತ್ತರವನ್ನು ಕೊಟ್ಟಾಗಿತ್ತು. ವಿಯೆನ್ನಾದ ಸಮೀಪದ ಸೈನಿಕ ಶಾಲೆಯೊಂದರಲ್ಲಿ ಓದುತ್ತಿದ್ದ ಫ್ರಾನ್ಸ್ ಕ್ಸಾವರ್ ಕಾಪುಸ್ ಎಂಬ ಹತ್ತೊಂಬತ್ತರ ಹುಡುಗ ತನ್ನ ಪದ್ಯಗಳನ್ನು ಕಳುಹಿಸಿ ಅಭಿಪ್ರಾಯ ಕೇಳಿದಾಗ, 1903ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಿಂದ ಬರೆದ ಮೊದಲ ಉತ್ತರದಲ್ಲೇ, ಪದ್ಯ ಚೆನ್ನಾಗಿದೆಯೇ ಎಂದು ಹೊರಗಿನ ಯಾರನ್ನೂ ಕೇಳಬಾರದು, ಒಳಕ್ಕೆ ಹೋಗಿ ಬರೆಯದೆ ಬದುಕಲಾದೀತೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು ಎಂದು ಆತ ತಿಳಿಸಿದ. 1908ರವರೆಗೆ ಬರೆದ ಅಂಥ ಹತ್ತು ಪತ್ರಗಳು ಕವಿ ತೀರಿಕೊಂಡ ಮೇಲೆ, 1929ರಲ್ಲಿ, ಪುಸ್ತಕವಾಗಿ ಬಂದು, ಬರೆಯಲು ಹೊರಟ ಯುವಜನರ ಕೈಪಿಡಿಯಂತೆ ಜಗತ್ತಿನ ಅನೇಕ ಭಾಷೆಗಳಿಗೆ ಹೋದವು. ಸಲಹೆ ಪಡೆದ ಕಾಪುಸ್ ಕವಿಯಾಗಲಿಲ್ಲ. ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆಮೇಲೆ ಪತ್ರಿಕೋದ್ಯಮಕ್ಕೂ ಜನಪ್ರಿಯ ಕಾದಂಬರಿಗಳಿಗೂ ಹೊರಳಿದ. ಸಲಹೆ ಕೊಟ್ಟಾಗ ರಿಲ್ಕೆಗೆ ಇಪ್ಪತ್ತೇಳು ವರ್ಷ, ದೊಡ್ಡ ಬರಗಾಲ ಇನ್ನೂ ದೂರವಿತ್ತು ಎಂಬುದನ್ನು ಆ ಪತ್ರಗಳ ಗಾಂಭೀರ್ಯಕ್ಕೆ ಮರುಳಾದ ಓದುಗರು ಸಾಮಾನ್ಯವಾಗಿ ಮರೆಯುತ್ತಾರೆ. ಮುಂದೆ ತನ್ನದೇ ಒಳಗು ಬತ್ತಿಹೋದಾಗ ಆತ ಕೇಳದ ಮನುಷ್ಯರಿಲ್ಲ, ತಟ್ಟದ ಬಾಗಿಲಿಲ್ಲ. ಹಾಗೆ ತಟ್ಟಿದ್ದರಿಂದಲೇ ಕೊನೆಗೆ ಬರೆಯಲು ಸಾಧ್ಯವಾಯಿತು ಎಂಬುದು ಈ ಲೇಖನದ ನಿಲುವು.

ಬರಗಾಲಕ್ಕೆ ಮುಂಚಿನ ದಿನಗಳಲ್ಲಿ ಆತನ ಗುರು ಫ್ರೆಂಚ್ ಶಿಲ್ಪಿ ಒಗ್ಯುಸ್ತ್ ರೊದಾಂ. ಶಿಲ್ಪಿಯ ಬಗ್ಗೆ ಪುಸ್ತಕವೊಂದನ್ನು ಬರೆಯಲು 1902ರಲ್ಲಿ ಪ್ಯಾರಿಸ್ಸಿಗೆ ಬಂದ ರಿಲ್ಕೆ, 1905–06ರಲ್ಲಿ ಆತನ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದ. ಸ್ಫೂರ್ತಿಗಾಗಿ ಕಾಯದೆ ದಿನವೂ ಕೆಲಸಕ್ಕೆ ಕೂರುವುದೇ ಕಲಾವಿದನ ಧರ್ಮ ಎಂಬ ಪಾಠವನ್ನು ಅಲ್ಲಿ ಕಲಿತ. ಆ ಪಾಠದ ಫಲವಾಗಿ 1907 ಮತ್ತು 1908ರಲ್ಲಿ ಬಂದ ‘ಹೊಸ ಕವಿತೆಗಳು’ ಸಂಪುಟಗಳಲ್ಲಿ, ಮೃಗಾಲಯದ ಪ್ರಾಣಿಯನ್ನೋ ಮುರಿದ ವಿಗ್ರಹವನ್ನೋ ಗಂಟೆಗಟ್ಟಲೆ ದಿಟ್ಟಿಸಿ ನೋಡಿ, ಕವಿಯ ಭಾವನೆಯನ್ನು ಹಿಂದಕ್ಕೆ ಸರಿಸಿ ವಸ್ತುವನ್ನೇ ಮುಂದಿಡುವ ಬಗೆಯ ಪದ್ಯಗಳಿವೆ. ವಿಮರ್ಶಕರು ಇವನ್ನು ವಸ್ತುಕವಿತೆ ಎಂದು ಕರೆಯುತ್ತಾರೆ. ಆದರೆ 1910ರಲ್ಲಿ ‘ಮಾಲ್ಟೆ ಲಾರಿಡ್ಸ್ ಬ್ರಿಗ್ಗೆಯ ಟಿಪ್ಪಣಿಗಳು’ ಎಂಬ ಕಾದಂಬರಿಯನ್ನು ಮುಗಿಸಿದ ಮೇಲೆ ರೊದಾಂನ ಪಾಠ ಕೈಕೊಟ್ಟಿತು. ಮಹಾನಗರದಲ್ಲಿ ಒಂಟಿಯಾಗಿ ಭಯಪಡುತ್ತ ಬದುಕುವ ಯುವಕನ ಆ ಕಥೆ ಬರೆದವನನ್ನೇ ಬರಿದು ಮಾಡಿತ್ತು. ನೋಡಿ ಬರೆಯುವುದು ಮುಗಿಯಿತು, ಮುಂದೆ ಬರೆಯುವುದು ಹೇಗೆಂದು ತಿಳಿಯದು. ಆಲ್ಜೀರಿಯಾ, ಟ್ಯುನೀಶಿಯಾ, ಈಜಿಪ್ಟ್‌ಗಳನ್ನು ಸುತ್ತಿ ಬಂದರೂ ಪ್ರಯೋಜನವಾಗಲಿಲ್ಲ. ದಿನವೂ ಕೂರುವ ಅಭ್ಯಾಸ ಬರೆಯಬಲ್ಲವನನ್ನು ಕಾಪಾಡುತ್ತದೆ ಎನ್ನುವುದು ನಿಜ, ಯಾವುದನ್ನು ಬರೆಯಬೇಕೆಂಬುದೇ ಬದಲಾಗುತ್ತಿರುವ ಹೊತ್ತಿನಲ್ಲಿ ಅದೊಂದೇ ಸಾಲದು ಎನ್ನುವುದೂ ಅಷ್ಟೇ ನಿಜ.

ಈ ಸ್ಥಿತಿಯಲ್ಲಿ ಆತನಿಗೆ ಆಸರೆಯಾದವಳು ಮಾರೀ ಫಾನ್ ಟುರ್ನ್ ಉಂಡ್ ಟಾಕ್ಸಿಸ್ ಎಂಬ ಆಸ್ಟ್ರಿಯಾದ ರಾಜಮನೆತನದ ಹಿರಿಯ ಮಹಿಳೆ. ಟ್ರಿಯೆಸ್ಟ್ ನಗರದ ಸಮೀಪ, ಏಡ್ರಿಯಾಟಿಕ್ ಸಮುದ್ರದ ಮೇಲೆ ಚಾಚಿಕೊಂಡ ಬಂಡೆಯ ಮೇಲಿದ್ದ ಆಕೆಯ ಡುಯಿನೋ ಕೋಟೆಯಲ್ಲಿ 1911ರ ಅಕ್ಟೋಬರಿನಿಂದ ಮರುವರ್ಷದ ಮೇವರೆಗೆ ಆತ ಅತಿಥಿಯಾಗಿದ್ದ. ಚಳಿಗಾಲದಲ್ಲಿ ಮನೆಯವರು ಹೊರಟುಹೋದ ಮೇಲೆ, ಕೆಲಸದವರನ್ನು ಬಿಟ್ಟರೆ ಇಡೀ ಕೋಟೆಗೆ ಅವನೊಬ್ಬನೇ. ಆಕೆ ಮುಂದೆ ಬರೆದ ನೆನಪುಗಳ ಪ್ರಕಾರ, ಜನವರಿಯ ಒಂದು ಬೆಳಿಗ್ಗೆ ಬೇಸರ ಹುಟ್ಟಿಸುವ ವ್ಯವಹಾರದ ಪತ್ರವೊಂದು ಬಂದಿತ್ತು. ಅದಕ್ಕೆ ಏನು ಉತ್ತರ ಬರೆಯಬೇಕೆಂದು ಯೋಚಿಸುತ್ತ ರಿಲ್ಕೆ ಹೊರಗೆ ಬಂದು, ಬೋರಾ ಎಂದು ಆ ಸೀಮೆಯವರು ಕರೆಯುವ ಬಿರುಸಾದ ಚಳಿಗಾಳಿಯಲ್ಲಿ ಕೋಟೆಯ ಬುಡದ ಬಂಡೆಗಳ ಮೇಲೆ ಅತ್ತಿತ್ತ ನಡೆಯುತ್ತಿದ್ದಾಗ ಮೊದಲ ಶೋಕಗೀತೆಯ ಮೊದಲ ಸಾಲು ಕಿವಿಗೆ ಬಿದ್ದಂತಾಯಿತು, ಸದಾ ಜೊತೆಗಿರುತ್ತಿದ್ದ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಗೀಚಿಕೊಂಡ, ಒಳಗೆ ಹೋಗಿ ಮೊದಲು ಆ ವ್ಯವಹಾರದ ಪತ್ರಕ್ಕೆ ಉತ್ತರ ಬರೆದು ಮುಗಿಸಿದ, ಸಂಜೆಯ ಹೊತ್ತಿಗೆ ಇಡೀ ಗೀತೆ ಸಿದ್ಧವಾಯಿತು. ಸ್ಫೂರ್ತಿ ಬಂದ ಗಳಿಗೆಯನ್ನು ಮಾತ್ರ ಮೆಚ್ಚಿ ಹೇಳುವವರು, ನಡುವೆ ಬರೆದು ಮುಗಿಸಿದ ಆ ಪತ್ರವನ್ನು ಬಿಟ್ಟುಬಿಡುತ್ತಾರೆ.

ಇದೇ ಜನವರಿಯಲ್ಲಿ ರಿಲ್ಕೆ ಮನೋವಿಶ್ಲೇಷಣೆಗೆ ಒಳಗಾಗಬೇಕೇ ಬೇಡವೇ ಎಂದು ಒದ್ದಾಡುತ್ತಿದ್ದ. ರೋಗಿಯನ್ನು ಮಾತನಾಡಿಸುತ್ತ ಅವನ ಮರೆತ ನೆನಪುಗಳನ್ನೂ ಅದುಮಿಟ್ಟ ಭಯಗಳನ್ನೂ ಹೊರತೆಗೆಯುವ, ಫ್ರಾಯ್ಡ್ ರೂಪಿಸಿದ ಆ ಚಿಕಿತ್ಸೆ ಆಗ ಹೊಸದಾಗಿತ್ತು. ರಿಲ್ಕೆಯ ಹೆಂಡತಿ, ಶಿಲ್ಪಿ ಕ್ಲಾರಾ ವೆಸ್ಟ್‌ಹಾಫ್, ಮ್ಯೂನಿಕ್‌ನಲ್ಲಿ ಗೆಬ್ಸಾಟೆಲ್ ಎಂಬ ವೈದ್ಯನ ಬಳಿ ಅದನ್ನು ಪಡೆಯುತ್ತಿದ್ದಳು. ರಿಲ್ಕೆ ಸಲಹೆ ಕೇಳಿದ್ದು ಲೂ ಆಂಡ್ರಿಯಾಸ್ ಸಲೋಮೆಯನ್ನು: 1897ರಲ್ಲಿ ಪರಿಚಯವಾಗಿ ಪ್ರೇಯಸಿಯಾಗಿದ್ದು, ಬಳಿಕ ಜೀವನಪರ್ಯಂತ ಆಪ್ತಳಾಗಿ ಉಳಿದ ಈ ಲೇಖಕಿಯೇ ಆತನ ರೆನೆ ಎಂಬ ಹುಟ್ಟುಹೆಸರನ್ನು ರೈನರ್ ಎಂದು ಬದಲಿಸಿದವಳು. ತಾನೇ ಮನೋವಿಶ್ಲೇಷಣೆಯತ್ತ ಒಲಿಯುತ್ತಿದ್ದ ಲೂ, ಯೋಚಿಸಿ ನೋಡಿ ಬೇಡವೆಂದು ತಂತಿ ಕಳುಹಿಸಿದಳು. ತನ್ನೊಳಗಿನ ದೆವ್ವಗಳನ್ನು ಓಡಿಸಲು ಹೋದರೆ ದೇವದೂತರೂ ಹೆದರಿ ಓಡಿಹೋಗಬಹುದು ಎಂಬ ಅರ್ಥದ ಮಾತನ್ನು ರಿಲ್ಕೆ ಆಗ ಬರೆದ. ಈ ಮಾತನ್ನು ಹಿಡಿದು ಬರೆಯುವವರಿಗೆ ಚಿಕಿತ್ಸೆ ಸಲ್ಲದೆನ್ನುವುದು ಅಪಾಯದ ತೀರ್ಮಾನವಾದೀತು. ಇಲ್ಲಿ ಗಮನಿಸಬೇಕಾದದ್ದು ಲೂ ಕೊಟ್ಟ ಉತ್ತೇಜನದ ಬಗೆ. ಆತನ ಪದ್ಯಗಳನ್ನು ಹೊಗಳುವ ಗೋಜಿಗೆ ಹೋಗದೆ, ಆತ ಪ್ರತಿ ಪತ್ರದಲ್ಲೂ ತೋಡಿಕೊಳ್ಳುತ್ತಿದ್ದ ದೂರುಗಳನ್ನು ಪೂರ್ತಿ ಕೇಳಿಸಿಕೊಂಡು, ಆ ದೂರುಗಳನ್ನು ಆತ ಎಷ್ಟು ನಿಖರವಾಗಿ ಬರೆಯುತ್ತಾನೆಂಬುದನ್ನೇ ಶಕ್ತಿ ಉಳಿದಿದೆ ಎಂಬುದಕ್ಕೆ ಸಾಕ್ಷಿಯಾಗಿ ಆಕೆ ಕಂಡಳು.

ಡುಯಿನೋದಲ್ಲಿ ಎರಡು ಗೀತೆಗಳು ಮುಗಿದು, ಮುಂದಿನವುಗಳ ಚೂರುಗಳು ಬಂದು, ಮಾಲೆ ನಿಂತುಬಿಟ್ಟಿತು. 1912ರ ಶರತ್ಕಾಲದಲ್ಲಿ ಅದೇ ಕೋಟೆಯಲ್ಲಿ ಪ್ರೇತಗಳನ್ನು ಕರೆಯುವ ಗೋಷ್ಠಿಗಳು ನಡೆದವು. ಒಡತಿಯ ಮಗನ ಕೈಯಲ್ಲಿನ ಹಲಗೆಯ ಮೂಲಕ ‘ಅಪರಿಚಿತೆ’ಯೊಬ್ಬಳು ಕೊಟ್ಟ ಅಸ್ಪಷ್ಟ ಸೂಚನೆಗಳು ಸ್ಪೇನಿನ ಟೊಲೆಡೊ ಊರಿನ ಕಡೆ ಬೆರಳು ತೋರುತ್ತಿವೆಯೆಂದು ನಂಬಿ ರಿಲ್ಕೆ ಆ ಚಳಿಗಾಲ ಸ್ಪೇನಿಗೇ ಹೋದ. ಬದುಕಿದ್ದವರ ಭರವಸೆ ಸಾಲದೆ ಸತ್ತವರ ಭರವಸೆಯನ್ನೂ ಕೇಳುವ ಮಟ್ಟಕ್ಕೆ ಲೇಖಕನ ಅಭದ್ರತೆ ಹೋಗಬಲ್ಲದು ಎಂಬುದಕ್ಕೆ ಇದು ನಗು ತರಿಸುವ ಪುರಾವೆ, ಆದರೂ ಟೊಲೆಡೊ ಮತ್ತು ರೋಂಡಾಗಳ ದೃಶ್ಯಗಳು ಆಮೇಲಿನ ಪದ್ಯಗಳಿಗೆ ಒದಗಿಬಂದವು ಎನ್ನುವುದನ್ನೂ ಹೇಳಬೇಕು. ಇದಕ್ಕಿಂತ ಕಹಿಯಾದ ನಗು ಪುಸ್ತಕದಂಗಡಿಯಲ್ಲಿತ್ತು. ತಾನು 1899ರಲ್ಲಿ, ಒಂದೇ ರಾತ್ರಿಯಲ್ಲಿ ಬರೆದೆನೆಂದು ರಿಲ್ಕೆ ಹೇಳುತ್ತಿದ್ದ, ಧ್ವಜ ಹಿಡಿದು ಸಾಯುವ ಯುವ ಸೈನಿಕನ ಪುಟ್ಟ ಗದ್ಯಕಾವ್ಯವನ್ನು ಲೈಪ್ಸಿಗ್‌ನ ಇನ್ಸೆಲ್ ಪ್ರಕಾಶನ 1912ರಲ್ಲಿ ತನ್ನ ಅಗ್ಗದ ಮಾಲೆಯ ಮೊದಲ ಪುಸ್ತಕವಾಗಿ ತಂದಾಗ ಅದು ಬಿಸಿಬಿಸಿಯಾಗಿ ಖರ್ಚಾಯಿತು, ಯುದ್ಧ ಬಂದಾಗ ಸೈನಿಕರ ಜೇಬು ಸೇರಿತು. ಹೊಸದು ಬಾರದೆ ಒದ್ದಾಡುತ್ತಿರುವವನಿಗೆ ಹಳೆಯದರ ಜನಪ್ರಿಯತೆ ಸಮಾಧಾನ ಕೊಡುವುದಿಲ್ಲ; ಪ್ರತಿ ಪ್ರಶಂಸೆಯೂ ಈಗಿನ ತನ್ನನ್ನು ಬಿಟ್ಟು ಹಿಂದಿನ ಇನ್ನಾರನ್ನೋ ಹೊಗಳಿದಂತೆ ಕೇಳಿಸುತ್ತದೆ.

1914ರಲ್ಲಿ ಯುದ್ಧ ಶುರುವಾದಾಗ ರಿಲ್ಕೆ ಜರ್ಮನಿಯಲ್ಲಿದ್ದ, ಪ್ಯಾರಿಸ್ಸಿನ ಮನೆಗೆ ಮರಳಲಾಗಲಿಲ್ಲ. ಬಾಡಿಗೆ ಬಾಕಿ ಉಳಿದು 1915ರಲ್ಲಿ ಅಲ್ಲಿದ್ದ ಆತನ ಸಾಮಾನು ಸರಂಜಾಮು ಹರಾಜಾಯಿತು, ಫ್ರೆಂಚ್ ಲೇಖಕ ಆಂದ್ರೆ ಜೀದ್ ಪ್ರಯತ್ನಪಟ್ಟು ಒಂದಷ್ಟು ಕಾಗದಪತ್ರಗಳನ್ನು ಉಳಿಸಿಕೊಟ್ಟ. ಅದೇ ಕಾಲದಲ್ಲಿ ಮುಂದೆ ದಾರ್ಶನಿಕನೆಂದು ಪ್ರಸಿದ್ಧನಾಗಲಿದ್ದ ಲುಡ್ವಿಗ್ ವಿಟ್‌ಗೆನ್‌ಸ್ಟೈನ್, ತಂದೆಯಿಂದ ಬಂದ ಸಂಪತ್ತಿನಲ್ಲಿ ಒಂದು ಲಕ್ಷ ಕ್ರೋನನ್ನು ಅಗತ್ಯವುಳ್ಳ ಕಲಾವಿದರಿಗೆ ಹಂಚಲೆಂದು ಇನ್ಸ್‌ಬ್ರುಕ್‌ನ ಪತ್ರಿಕಾ ಸಂಪಾದಕ ಲುಡ್ವಿಗ್ ಫಾನ್ ಫಿಕರ್‌ಗೆ ಒಪ್ಪಿಸಿದ. ಅದರಲ್ಲಿ ತಲಾ ಇಪ್ಪತ್ತು ಸಾವಿರ ಕ್ರೋನ್ ರಿಲ್ಕೆಗೂ ಟ್ರಾಕ್ಲ್ ಎಂಬ ಕವಿಗೂ ಸಂದವು. ದಾನಿಯ ಹೆಸರು ರಿಲ್ಕೆಗೆ ತಿಳಿಸಿರಲಿಲ್ಲ. ಹೊಗಳಿಕೆಯ ಪತ್ರದೊಂದಿಗೆ ಬರುವ ಹಣ ಪಡೆದವನ ಮೇಲೆ ಋಣದ ಭಾರವನ್ನು ಹೊರಿಸುತ್ತದೆ, ಮುಂದಿನ ಪುಸ್ತಕದಲ್ಲಿ ಅದನ್ನು ತೀರಿಸಬೇಕೆಂಬ ಅಂಜಿಕೆ ಹುಟ್ಟಿಸುತ್ತದೆ. ಯಾರದೆಂದು ತಿಳಿಯದ ಹಣಕ್ಕೆ ಆ ಕಾಟವಿಲ್ಲ. ಆದರೆ ಯುದ್ಧ ಕವಿಯನ್ನೂ ಬಿಡಲಿಲ್ಲ: 1916ರ ಜನವರಿಯಲ್ಲಿ, ನಲವತ್ತು ದಾಟಿದ ದುರ್ಬಲ ದೇಹದ ರಿಲ್ಕೆಯನ್ನು ವಿಯೆನ್ನಾದಲ್ಲಿ ಕವಾಯತಿಗೆ ನಿಲ್ಲಿಸಿ, ಆಮೇಲೆ ಯುದ್ಧ ದಾಖಲೆಗಳ ಕಚೇರಿಗೆ ಹಾಕಿದರು. ಅಲ್ಲಿ ಕರೆಸಿಕೊಂಡ ಲೇಖಕರ ಕೆಲಸ ರಣರಂಗದ ವರದಿಗಳಿಗೆ ವೀರಗಾಥೆಯ ಮೆರುಗು ಕೊಡುವುದು. ರಿಲ್ಕೆಗೆ ಅದು ಒಗ್ಗದೆ, ಕೊನೆಗೆ ಕಾಗದದ ಮೇಲೆ ಗೆರೆ ಎಳೆಯುವಂಥ ಗುಮಾಸ್ತಿಕೆ ಉಳಿಯಿತು. ಸ್ನೇಹಿತರ ಓಡಾಟದಿಂದ ಆ ಬೇಸಿಗೆಯಲ್ಲಿ ಬಿಡುಗಡೆಯಾಯಿತಾದರೂ, ಕವಾಯತಿಗೆ ಸ್ವಲ್ಪ ಮುಂಚೆ, 1915ರ ನವೆಂಬರಿನಲ್ಲಿ, ನಾಲ್ಕನೆಯ ಶೋಕಗೀತೆಯೊಂದಿಗೆ ತೆರೆಯತೊಡಗಿದ್ದ ದಾರಿ ಮತ್ತೆ ಮುಚ್ಚಿಹೋಗಿತ್ತು. ಡುಯಿನೋ ಕೋಟೆಯೂ ಫಿರಂಗಿಗಳಿಗೆ ಸಿಕ್ಕಿ ಪಾಳುಬಿದ್ದಿತು.

ಆದರೂ ಬರಗಾಲ ಎಂಬ ಮಾತನ್ನು ಎಚ್ಚರದಿಂದಲೇ ಬಳಸಬೇಕು. ಆ ಹತ್ತು ವರ್ಷಗಳಲ್ಲಿ ರಿಲ್ಕೆ ಪುಸ್ತಕಕ್ಕೆ ಸೇರಿಸದ ಎಷ್ಟೋ ಬಿಡಿ ಪದ್ಯಗಳನ್ನು ಬರೆದ, ಅವುಗಳಲ್ಲಿ ಕೆಲವು ಈಗ ಆತನ ಉತ್ತಮ ರಚನೆಗಳೆಂದೇ ಹೆಸರಾಗಿವೆ. ಅಂದುಕೊಂಡ ಮಾಲೆ ಮುಗಿಯದಿದ್ದುದರಿಂದ ಬರೆದದ್ದೆಲ್ಲ ಆತನ ಕಣ್ಣಿಗೆ ಲೆಕ್ಕಕ್ಕೆ ಬಾರದ್ದಾಗಿತ್ತು. ಅಭದ್ರ ಲೇಖಕ ತನ್ನ ಲೆಕ್ಕವನ್ನು ತಾನೇ ಇಡಲಾರ, ಅದನ್ನು ಬೇರೆಯವರು ಇಡಬೇಕು ಎಂಬುದಕ್ಕೆ ಐದನೆಯ ಶೋಕಗೀತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1915ರ ಬೇಸಿಗೆಯಲ್ಲಿ ಉಳಿಯಲು ನೆಲೆಯಿಲ್ಲದ ಕವಿಗೆ ಹೆರ್ಥಾ ಕೋನಿಗ್ ಎಂಬ ಲೇಖಕಿ ತನ್ನ ಮ್ಯೂನಿಕ್ ಮನೆಯನ್ನು ಬಿಟ್ಟುಕೊಟ್ಟಳು. ಆ ಮನೆಯ ಗೋಡೆಯ ಮೇಲೆ ಪಿಕಾಸೊ 1905ರಲ್ಲಿ ಬರೆದ, ಊರೂರು ತಿರುಗಿ ಕಸರತ್ತು ತೋರಿಸುವ ದೊಂಬರಾಟದವರ ಕುಟುಂಬವೊಂದು ಬಯಲಿನಲ್ಲಿ ನಿಂತಿರುವ ದೊಡ್ಡ ಚಿತ್ರವಿತ್ತು. ಬರೆಯಲಾಗದೆ ದಿನಗಳನ್ನು ನೂಕುತ್ತಿದ್ದ ರಿಲ್ಕೆ ಆ ಚಿತ್ರದೊಂದಿಗೆ ತಿಂಗಳುಗಟ್ಟಲೆ ಬಾಳಿದ. ಏಳು ವರ್ಷಗಳಾದ ಮೇಲೆ, ಇಡೀ ಮಾಲೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಬಂದ ಐದನೆಯ ಗೀತೆ ಆ ದೊಂಬರಾಟದವರ ಮೇಲೆಯೇ ಹುಟ್ಟಿತು, ಹೆರ್ಥಾ ಕೋನಿಗ್‌ಗೇ ಅರ್ಪಿತವಾಯಿತು. ಏನೂ ಆಗುತ್ತಿಲ್ಲವೆಂದು ಪತ್ರಗಳಲ್ಲಿ ಗೋಳಾಡಿದ ಆ ಬೇಸಿಗೆಯೇ ಅತ್ಯಂತ ಫಲವತ್ತಾದ ಬೇಸಿಗೆಗಳಲ್ಲಿ ಒಂದಾಗಿತ್ತು.

1919ರಲ್ಲಿ ಕವಿತಾ ವಾಚನಕ್ಕೆಂದು ಸ್ವಿಟ್ಜರ್ಲೆಂಡಿಗೆ ಹೋದ ರಿಲ್ಕೆ ಮತ್ತೆ ಜರ್ಮನಿಯಲ್ಲಿ ನೆಲೆಸಲಿಲ್ಲ. ಅಲ್ಲಿ ನಾನ್ನಿ ವುಂಡರ್ಲಿ ಫೋಲ್ಕಾರ್ಟ್ ಎಂಬ ಗೃಹಿಣಿ ಆತನ ಸಣ್ಣಪುಟ್ಟ ಅಗತ್ಯಗಳನ್ನೆಲ್ಲ ನೋಡಿಕೊಳ್ಳತೊಡಗಿದಳು. 1920ರ ಚಳಿಗಾಲಕ್ಕೆ ಬೆರ್ಗ್ ಎಂಬಲ್ಲಿ ಒಂದು ಹಳೆಯ ಬಂಗಲೆ ಒದಗಿತು. ಏಕಾಂತ, ಉದ್ಯಾನ, ನಿಶ್ಶಬ್ದ ಎಲ್ಲವೂ ಇದ್ದ ಆ ಜಾಗದಲ್ಲಿ ಶೋಕಗೀತೆಗಳು ಮುಗಿಯಬೇಕೆಂದು ಎಲ್ಲರೂ ಅಂದುಕೊಂಡರು, ಮುಗಿಯಲಿಲ್ಲ. ಹತ್ತಿರದಲ್ಲಿ ಮರ ಕೊಯ್ಯುವ ಗರಗಸದ ಮಿಲ್ಲು ಸದ್ದು ಮಾಡತೊಡಗಿತು, ಚಿತ್ರಕಲಾವಿದೆ ಬಲಾಡೀನ್ ಕ್ಲೊಸೊವ್‌ಸ್ಕಾ ಜೊತೆಗಿನ ಪ್ರೇಮ ಒಂದು ಕಡೆ, ಬರಹ ಇನ್ನೊಂದು ಕಡೆ ಎಳೆಯತೊಡಗಿದವು. ಈ ಚಳಿಗಾಲದ ಹೊತ್ತಿಗೆ ಆತ ಮಾಡಿದ ಒಂದು ಸಣ್ಣ ಕೆಲಸವನ್ನು ಮಾತ್ರ ನೆನೆಯಬೇಕು. ಬಲಾಡೀನಳ ಕಿರಿಯ ಮಗ, ಹನ್ನೆರಡು ತುಂಬಿರದ ಬಾಲ್ತೂಸ್, ಮನೆಗೆ ಬಂದು ಆಮೇಲೆ ಕಳೆದುಹೋದ ಬೆಕ್ಕಿನ ಮರಿಯ ಕಥೆಯನ್ನು ನಲವತ್ತು ಚಿತ್ರಗಳಲ್ಲಿ ಬರೆದಿದ್ದ. ರಿಲ್ಕೆ ಅದಕ್ಕೆ ಫ್ರೆಂಚಿನಲ್ಲಿ ಮುನ್ನುಡಿ ಬರೆದು, ಪ್ರಕಾಶಕರನ್ನು ಹುಡುಕಿ, 1921ರಲ್ಲಿ ‘ಮಿತ್ಸು’ ಎಂಬ ಹೆಸರಿನಲ್ಲಿ ಪುಸ್ತಕವಾಗುವಂತೆ ನೋಡಿಕೊಂಡ. ಹುಡುಗ ಮುಂದೆ ಫ್ರಾನ್ಸಿನ ಹೆಸರಾಂತ ಚಿತ್ರಕಾರನಾದ. ತನ್ನ ಮೇಲೆ ನಂಬಿಕೆ ಇಲ್ಲದವನಿಗೂ ಇನ್ನೊಬ್ಬರ ಕೆಲಸದ ಮೇಲೆ ನಂಬಿಕೆಯಿಡಲು ಅಡ್ಡಿಯಿಲ್ಲ, ಮತ್ತು ಹಾಗೆ ನಂಬಿ ಬರೆದ ಕೆಲವು ಪುಟಗಳಲ್ಲಿ ಲೇಖನಿ ತಾನೂ ಸಡಿಲವಾಗುತ್ತದೆ.

ಲೇಖನಿಯನ್ನು ನಿಜವಾಗಿ ಸಡಿಲಿಸಿದವನು ಮತ್ತೊಬ್ಬ ಕವಿ, ಅದೂ ರಿಲ್ಕೆಗಿಂತ ದೀರ್ಘವಾದ ಬರಗಾಲವನ್ನು ದಾಟಿ ಬಂದವನು. ಫ್ರಾನ್ಸಿನ ಪಾಲ್ ವಲೇರಿ 1892ರ ಅಕ್ಟೋಬರಿನಲ್ಲಿ, ಜಿನೋವಾದಲ್ಲಿ ಒಂದು ಬಿರುಗಾಳಿಯ ರಾತ್ರಿ ಅನುಭವಿಸಿದ ಮಾನಸಿಕ ತುಮುಲದ ಬಳಿಕ ಕವಿತೆಯಿಂದ ದೂರ ಸರಿದ. ಸುದ್ದಿಸಂಸ್ಥೆಯೊಂದರ ಯಜಮಾನನ ಖಾಸಗಿ ಕಾರ್ಯದರ್ಶಿಯಾಗಿ ಹೊಟ್ಟೆ ಹೊರೆಯುತ್ತ, ದಿನವೂ ನಸುಕಿನಲ್ಲಿ ಎದ್ದು ಗಣಿತ, ಭಾಷೆ, ಮನಸ್ಸಿನ ವ್ಯಾಪಾರಗಳ ಬಗ್ಗೆ ಟಿಪ್ಪಣಿ ಪುಸ್ತಕಗಳನ್ನು ತುಂಬಿಸುತ್ತ ಸುಮಾರು ಇಪ್ಪತ್ತು ವರ್ಷ ಕಳೆದ. 1912ರಲ್ಲಿ ಗೆಳೆಯ ಜೀದ್ ಮತ್ತು ಪ್ರಕಾಶಕ ಗಲಿಮಾರ್ ಆತನನ್ನು ಕೇಳಿದ್ದು ಹೊಸ ಕವಿತೆಯನ್ನಲ್ಲ, ಯೌವನದ ಹಳೆಯ ಪದ್ಯಗಳನ್ನು ಒಟ್ಟುಗೂಡಿಸಿ ಕೊಡು ಎಂದಷ್ಟೇ. ಹಳೆಯವನ್ನು ತಿದ್ದುತ್ತ, ಅವಕ್ಕೆ ವಿದಾಯವಾಗಿ ಒಂದು ಸಣ್ಣ ಪದ್ಯ ಬರೆಯಲು ಹೊರಟ ವಲೇರಿಯ ಕೈಯಲ್ಲಿ ಅದು ಬೆಳೆದು ಬೆಳೆದು 1917ರ ಹೊತ್ತಿಗೆ 512 ಸಾಲುಗಳ ಕಾವ್ಯವಾಯಿತು. ಅದರ ಬೆನ್ನಿಗೇ ಬಂದ, ಸಮುದ್ರದ ಎದುರಿನ ಸ್ಮಶಾನವನ್ನು ಕುರಿತ ಆತನ ಕವಿತೆಯನ್ನು ರಿಲ್ಕೆ 1921ರ ಆರಂಭದಲ್ಲಿ ಓದಿ, ಕೂಡಲೇ ಜರ್ಮನ್ ಭಾಷೆಗೆ ಅನುವಾದಿಸಿದ. ಕಾಯುವುದು ಮುಗಿಯಿತೆಂದು ವಲೇರಿಯನ್ನು ಓದಿದಾಗ ತನಗೆ ಗೊತ್ತಾಯಿತು ಎಂಬ ಅರ್ಥದಲ್ಲಿ ಆಮೇಲೆ ಹೇಳಿಕೊಂಡ.

ಅನುವಾದವನ್ನು ಬರಗಾಲದ ಕೂಲಿಕೆಲಸ ಎಂದು ಹಗುರವಾಗಿ ಕಾಣುವ ರೂಢಿ ಎಲ್ಲ ಭಾಷೆಗಳಲ್ಲೂ ಇದೆ. ರಿಲ್ಕೆಯ ಮಟ್ಟಿಗೆ ಅದು ಕೈಯ ಸಾಧನೆಯಾಗಿತ್ತು. ಆ ವರ್ಷಗಳಲ್ಲಿ ಆತ ಹದಿನಾರನೆಯ ಶತಮಾನದ ಫ್ರೆಂಚ್ ಕವಯಿತ್ರಿ ಲೂಯಿಸ್ ಲಾಬೆಯ ಇಪ್ಪತ್ನಾಲ್ಕು ಸಾನೆಟ್‌ಗಳನ್ನು, ಮೈಕೆಲೇಂಜೆಲೊನ ಅಂಥವೇ ಪದ್ಯಗಳನ್ನು ಜರ್ಮನ್ ಭಾಷೆಗೆ ತಂದಿದ್ದ. ಸಾನೆಟ್ ಎಂದರೆ ಕನ್ನಡದಲ್ಲಿ ಸುನೀತವೆಂದು ಪರಿಚಿತವಾದ, ಕಟ್ಟುನಿಟ್ಟಿನ ಪ್ರಾಸವುಳ್ಳ ಹದಿನಾಲ್ಕು ಸಾಲಿನ ಪದ್ಯರೂಪ. ತನ್ನ ಮಾತಿಗೆ ಬೆಲೆಯಿದೆಯೇ ಎಂಬ ಪ್ರಶ್ನೆ ಅನುವಾದಕನನ್ನು ಕಾಡುವುದಿಲ್ಲ, ಮೂಲದ ಕವಿ ಅದಕ್ಕೆ ಉತ್ತರಿಸಿಯಾಗಿದೆ. ಉಳಿಯುವುದು ಪದ, ಲಯ, ಪ್ರಾಸಗಳ ಶುದ್ಧ ಕುಸುರಿ. ಆ ಹದಿನಾಲ್ಕು ಸಾಲಿನ ಚೌಕಟ್ಟಿನಲ್ಲಿ ಕೈ ಅಷ್ಟು ಪಳಗಿರದಿದ್ದರೆ 1922ರ ಫೆಬ್ರುವರಿಯಲ್ಲಿ ನಡೆದದ್ದು ಆ ವೇಗದಲ್ಲಿ ನಡೆಯುತ್ತಿರಲಿಲ್ಲ ಎಂದು ಊಹಿಸಬಹುದು.

1921ರ ಬೇಸಿಗೆಯಲ್ಲಿ ರಿಲ್ಕೆ ಮತ್ತು ಬಲಾಡೀನ್ ಸ್ವಿಟ್ಜರ್ಲೆಂಡಿನ ವಲೇ ಪ್ರಾಂತದ ಸಿಯೆರ್ ಎಂಬ ಊರಿನಲ್ಲಿ ಮನೆ ಹುಡುಕಿ ಸೋತು ಹೊರಡುವ ಹೊತ್ತಿಗೆ, ಕ್ಷೌರದಂಗಡಿಯ ಬಳಿಯ ಕಿಟಕಿಯಲ್ಲಿ ಅಂಟಿಸಿದ್ದ ಒಂದು ಫೋಟೊ ಕಂಡರು. ಮಾರಾಟಕ್ಕೂ ಬಾಡಿಗೆಗೂ ಇದ್ದ, ಹದಿಮೂರನೆಯ ಶತಮಾನದ ಒಂದು ಸಣ್ಣ ಕಲ್ಲಿನ ಗೋಪುರದ ಚಿತ್ರ. ಮ್ಯೂಜೋಟ್ ಎಂಬ ಆ ಗೋಪುರದಲ್ಲಿ ವಿದ್ಯುತ್ತೂ ಇರಲಿಲ್ಲ, ನಲ್ಲಿ ನೀರೂ ಇರಲಿಲ್ಲ. ನಾನ್ನಿಯ ಬಂಧು, ವಿಂಟರ್‌ಟೂರ್‌ನ ವ್ಯಾಪಾರಿ ವರ್ನರ್ ರೈನ್‌ಹಾರ್ಟ್ ಅದನ್ನು ಬಾಡಿಗೆಗೆ ಹಿಡಿದು ಕವಿಗೆ ಕೊಟ್ಟ, ಮುಂದಿನ ವರ್ಷ ಕೊಂಡೇಬಿಟ್ಟ. ಬಲಾಡೀನ್ ತಿಂಗಳುಗಟ್ಟಲೆ ದುಡಿದು ಅದನ್ನು ವಾಸಯೋಗ್ಯ ಮಾಡಿದಳು. ನಿಂತು ಬರೆಯಲು ಎತ್ತರದ ಮೇಜು ಬಂತು, ಅಡುಗೆ ಮನೆವಾರ್ತೆಗೆ ಫ್ರೀಡಾ ಬೌಮ್‌ಗಾರ್ಟ್ನರ್ ಎಂಬ ಹುಡುಗಿ ನಿಂತಳು. ನವೆಂಬರಿನಲ್ಲಿ, ಕವಿಗೆ ಏಕಾಂತ ಬೇಕಾದ್ದರಿಂದ, ಬಲಾಡೀನ್ ಮಕ್ಕಳೊಂದಿಗೆ ಬರ್ಲಿನ್‌ಗೆ ಹೊರಟುಹೋದಳು. ಹೋಗುವ ಮುನ್ನ ಆಕೆ ಬರೆಯುವ ಮೇಜಿನ ಎದುರು ಅಂಟಿಸಿದ ಒಂದು ಚಿತ್ರಪತ್ರದಲ್ಲಿ, ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಮರದ ಕೆಳಗೆ ಕುಳಿತು ಪ್ರಾಣಿಗಳಿಗೆ ಹಾಡುತ್ತಿದ್ದ. ಸತ್ತ ಹೆಂಡತಿಯನ್ನು ಹಾಡಿನ ಬಲದಿಂದ ಪಾತಾಳದಿಂದ ಕರೆತರಲು ಹೋದವನು ಈತ. ಈತನ ಕಥೆಯಿರುವ, ರೋಮನ್ ಕವಿ ಓವಿಡ್‌ನ ಕಾವ್ಯದ ಫ್ರೆಂಚ್ ಅನುವಾದವನ್ನೂ ಆಕೆ ಕೊಟ್ಟಿದ್ದಳು.

ಹೊಸ ವರ್ಷದ ಮೊದಲ ದಿನಗಳಲ್ಲಿ ಒಂದು ಪತ್ರದ ಕಟ್ಟು ಬಂತು. ಗೆರ್ಟ್ರೂಡ್ ಕ್ನೂಪ್ ಎಂಬ ಪರಿಚಿತ ಮಹಿಳೆ, 1919ರಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ತನ್ನ ಮಗಳು ವೇರಾಳ ಕಾಯಿಲೆಯ ದಿನಗಳನ್ನು ಬರೆದಿಟ್ಟಿದ್ದಳು, ಅದನ್ನು ಕವಿಗೆ ಓದಲು ಕಳುಹಿಸಿದಳು. ನರ್ತಕಿಯಾಗಿದ್ದ ಹುಡುಗಿ ದೇಹ ಸಹಕರಿಸದಾದಾಗ ಸಂಗೀತಕ್ಕೂ, ಅದೂ ಆಗದಾದಾಗ ಚಿತ್ರ ಬರೆಯುವುದಕ್ಕೂ ತಿರುಗಿದ ಕಥೆ ಅದು. ಫೆಬ್ರುವರಿ 2ರಿಂದ 5ರ ವರೆಗಿನ ನಾಲ್ಕು ದಿನಗಳಲ್ಲಿ ರಿಲ್ಕೆ, ತಾನು ಕಾಯುತ್ತಿದ್ದ ಶೋಕಗೀತೆಗಳ ಬದಲು, ಯಾರೂ ಕೇಳಿರದ, ಸ್ವತಃ ತಾನೂ ಎದುರುನೋಡಿರದ ಇಪ್ಪತ್ತೈದು ಸುನೀತಗಳನ್ನು ಬರೆದ. 7ರಂದು ಏಳನೆಯ ಶೋಕಗೀತೆ ಬಂತು, 11ರ ಸಂಜೆಯ ಹೊತ್ತಿಗೆ ಎಂಟು, ಒಂಬತ್ತು, ಆರು, ಹತ್ತು ಮುಗಿದವು, 14ರಂದು ಐದನೆಯದು ತನ್ನ ಸ್ಥಾನ ಹಿಡಿಯಿತು, ಮತ್ತೆ ಸುನೀತಗಳು ಹರಿದು 23ರ ವೇಳೆಗೆ ಒಟ್ಟು ಐವತ್ತೈದಾದವು. 11ರ ರಾತ್ರಿಯೇ ಆತ ಡುಯಿನೋದ ಒಡತಿಗೂ ಲೂಗೂ ಪತ್ರ ಬರೆದು ಕುಳಿತ; ಹೊರಗಿನ ಚಳಿಗೆ ಹೋಗಿ ಆ ಪುಟ್ಟ ಗೋಪುರವನ್ನು ದೊಡ್ಡದೊಂದು ಪ್ರಾಣಿಯನ್ನೆಂಬಂತೆ ನೇವರಿಸಿದುದನ್ನು ಆ ದಿನಗಳ ಪತ್ರವೊಂದರಲ್ಲಿ ತಿಳಿಸಿದ.

ಈ ಮೂರು ವಾರಗಳನ್ನು ಪವಾಡವೆಂದು ಬಣ್ಣಿಸುವುದು ವಾಡಿಕೆ, ರಿಲ್ಕೆ ತಾನೇ ಹಾಗೆ ಬಣ್ಣಿಸಿದ್ದರಿಂದ ಆ ವಾಡಿಕೆ ಇನ್ನಷ್ಟು ಗಟ್ಟಿಯಾಗಿದೆ. ಆದರೆ ಪವಾಡದ ಹಿಂದಿನ ಲೆಕ್ಕ ನೋಡಿದರೆ ಒಬ್ಬಳ ಕೋಟೆ, ಇನ್ನೊಬ್ಬನ ಹೆಸರಿಲ್ಲದ ಹಣ, ಒಬ್ಬಳ ಗೋಡೆಯ ಮೇಲಿನ ಚಿತ್ರ, ಹತ್ತು ವರ್ಷ ಮುಂಗಡ ಕೊಡುತ್ತ ಹಸ್ತಪ್ರತಿಗೆ ಅವಸರಪಡಿಸದ ಇನ್ಸೆಲ್ ಪ್ರಕಾಶನದ ಆಂಟನ್ ಕಿಪ್ಪೆನ್‌ಬರ್ಗ್, ದೂರು ಕೇಳಿದ ಲೂ, ಸೌದೆ ಒಟ್ಟಿ ಅಡುಗೆ ಮಾಡಿದ ಫ್ರೀಡಾ ಕಾಣಿಸುತ್ತಾರೆ. ಇವರಲ್ಲಿ ಬಹುಪಾಲು ಮಂದಿ ಆತನ ಪ್ರತಿಭೆಯನ್ನು ಕುರಿತು ಉದ್ದನೆಯ ಭಾಷಣ ಮಾಡಿದವರಲ್ಲ. ಮಾರೀ ಟಾಕ್ಸಿಸ್ ಅಂತೂ ಹೆಂಗಸರ ವಿಷಯದಲ್ಲಿ ಆತ ತಾನಾಗಿ ತಂದುಕೊಳ್ಳುವ ಸಂಕಟಗಳಿಗಾಗಿ ಪತ್ರದಲ್ಲಿ ಚೆನ್ನಾಗಿಯೇ ಬೈಯುತ್ತಿದ್ದಳು. ಬೈಗುಳದಲ್ಲಿ ಒಂದು ಬಗೆಯ ಗೌರವವಿರುತ್ತದೆ, ಬೈಯಲು ಇನ್ನೂ ಯೋಗ್ಯನಾದವನು ಮುಗಿದುಹೋದವನಲ್ಲ ಎಂಬ ಭರವಸೆ ಅದರಲ್ಲಿ ಅಡಗಿರುತ್ತದೆ. ಕಾಪುಸ್‌ಗೆ ಬರೆದ ಸಲಹೆಯಲ್ಲಿ ಇಂಥವರಿಗೆ ಜಾಗವಿಲ್ಲ. ಏಕಾಂತವನ್ನು ಹೊಗಳಿದ ಕವಿ, ಅದನ್ನು ಕಟ್ಟಿಕೊಡಲು ಎಷ್ಟು ಜನ ಬೇಕಾಗುತ್ತದೆ ಎಂಬುದನ್ನು ಹೇಳಲಿಲ್ಲ.

ಆ ಏಕಾಂತದ ಬೆಲೆಯನ್ನು ತೆತ್ತವರೂ ಇದ್ದಾರೆ. 1901ರಲ್ಲಿ ಹುಟ್ಟಿದ ಮಗಳು ರೂತ್ ಬೆಳೆದದ್ದು ಹೆಚ್ಚಾಗಿ ತಾಯಿಯ ತವರಿನವರ ಆಸರೆಯಲ್ಲಿ, 1922ರ ಮೇ ತಿಂಗಳಿನಲ್ಲಿ ನಡೆದ ಆಕೆಯ ಮದುವೆಗೂ ತಂದೆ ಹೋಗಲಿಲ್ಲ. ಕ್ಲಾರಾ ತನ್ನ ಶಿಲ್ಪಕಲೆಯ ಬರಗಾಲಗಳನ್ನು ಒಬ್ಬಳೇ ಎದುರಿಸಿದಳು, ಆಕೆಗೆ ಕೋಟೆಯನ್ನಾಗಲಿ ಗೋಪುರವನ್ನಾಗಲಿ ಯಾರೂ ಬಿಟ್ಟುಕೊಡಲಿಲ್ಲ. ಬಲಾಡೀನಳಿಗೆ ತಾನು ಸಿದ್ಧಗೊಳಿಸಿದ ಮನೆಯಲ್ಲಿ ಉಳಿಯುವ ಅವಕಾಶ ಸಿಗಲಿಲ್ಲ. ಧೈರ್ಯ ತುಂಬುವವರ ಪಟ್ಟಿಯಲ್ಲಿ ಹೆಂಗಸರೇ ಹೆಚ್ಚು, ಧೈರ್ಯ ತುಂಬಿಸಿಕೊಂಡವರ ಪಟ್ಟಿಯಲ್ಲಿ ಅವರು ವಿರಳ ಎಂಬುದು ರಿಲ್ಕೆಯೊಬ್ಬನ ಕಥೆಯಲ್ಲ, ಸಾಹಿತ್ಯ ಚರಿತ್ರೆಯ ಬಹಳಷ್ಟು ಪುಟಗಳನ್ನು ಈ ದೃಷ್ಟಿಯಿಂದ ಮತ್ತೆ ಓದುವ ಅಗತ್ಯವಿದೆ.

1922ರ ಜೂನ್ ತಿಂಗಳಿನಲ್ಲಿ ಮಾರೀ ಟಾಕ್ಸಿಸ್ ಮ್ಯೂಜೋಟ್‌ಗೆ ಬಂದಾಗ, ರಿಲ್ಕೆ ಹತ್ತೂ ಶೋಕಗೀತೆಗಳನ್ನು ಆಕೆಗೆ ಓದಿ ಹೇಳಿದ, ಸುನೀತಗಳನ್ನೂ ಓದಿದ. 1923ರಲ್ಲಿ ಇನ್ಸೆಲ್ ಪ್ರಕಾಶನದಿಂದ ಎರಡೂ ಪುಸ್ತಕಗಳು ಹೊರಬಂದವು. ‘ಡುಯಿನೋ ಶೋಕಗೀತೆಗಳು’ ಆಕೆಗೆ ಅರ್ಪಣೆಯಾಗಿಲ್ಲ. ಈ ಗೀತೆಗಳು ಆಕೆಯ ಸ್ವತ್ತಿಗೆ ಸೇರಿದವು ಎಂಬ ಅರ್ಥದ ಸಾಲನ್ನು ಕವಿ ಅದರ ಮೊದಲಿಗೆ ಹಾಕಿಸಿದ. ‘ಆರ್ಫಿಯಸ್‌ಗೆ ಸುನೀತಗಳು’ ವೇರಾಳ ಸಮಾಧಿಯ ಸ್ಮಾರಕವಾಗಿ ಬರೆದದ್ದೆಂದು ಅದರ ಪುಟವೇ ಹೇಳುತ್ತದೆ. ಚಿತ್ರಪತ್ರವನ್ನು ಅಂಟಿಸಿ ಹೋದ ಬಲಾಡೀನಳ ಹೆಸರು ಎರಡರಲ್ಲೂ ಇಲ್ಲ; ರಿಲ್ಕೆ ತೀರಿಕೊಂಡ ಮರುವರ್ಷ, 1927ರಲ್ಲಿ, ಆತ ಫ್ರೆಂಚಿನಲ್ಲಿ ಬರೆದಿದ್ದ ಕಿಟಕಿಗಳ ಕುರಿತಾದ ಹತ್ತು ಪದ್ಯಗಳು ಆಕೆಯ ಹತ್ತು ಅಚ್ಚುಚಿತ್ರಗಳೊಂದಿಗೆ ಸಣ್ಣ ಪುಸ್ತಕವಾಗಿ ಪ್ರಕಟವಾದಾಗ ಇಬ್ಬರ ಹೆಸರೂ ಒಟ್ಟಿಗೆ ಬಂದವು.